ನಾನು ಹೇಳದೆ ಉಳಿಸಿದ ನಾಲ್ಕನೆಯ ಸ್ಟೇಜ್

ಹೊಲಿಗೆ ಬಿಚ್ಚುವಾಗ ದಾರ ಹರಿಯುವ ಆ ಚರ್ ಎಂಬ ಸದ್ದು. ಸಾವಿರದ ಒಂಬೈನೂರ ನಲವತ್ತೇಳರ ಬೇಸಿಗೆ. ಕಾನ್ವೆಂಟ್ ಬೋರ್ಡಿಂಗ್‌ನಿಂದ ರಜೆಗೆಂದು ಆಳಂದದ ಮನೆಗೆ ಬಂದಿದ್ದೆ. ಅವ್ವ ತನ್ನ ಕುಬುಸಗಳ ಎಡ ಕಂಕುಳನ್ನಷ್ಟೇ ಬಿಚ್ಚಿ, ನನ್ನ ಕೈಯಿಂದ ಒಂದೊಂದು ತುಂಡು ಬಟ್ಟೆ ಕೂಡಿಸಿ ಹೊಲಿಸಿದಳು.

"ಒಂದ ಕಡಿಗಷ್ಟ ದಪ್ಪ ಆಗಾಕತ್ತೀಯೇನಬೇ?" ಎಂದು ನಕ್ಕೆ.

"ಸುಮ್ಮ ಹೊಲಿ. ನಿಮ್ಮ ಕಾನ್ವೆಂಟಿನ್ಯಾಗ ಬಾಯಿ ಹೊಲಿಯೂದು ಕಲಿಸಿಲ್ಲೇನು?"

ದೀಪಾವಳಿ ಹೊತ್ತಿಗೆ ಅವಳ ಮೊಲೆಯ ಚರ್ಮ ಒಳಕ್ಕೆ ಜಗ್ಗಿತ್ತು. ಸೊಲ್ಲಾಪುರದ ಲೇಡಿ ಡಾಕ್ಟರ್‌ಗೆ ಕನ್ನಡ ಬಾರದು. ನಡುವೆ ಹದಿನಾಲ್ಕು ವರ್ಷದ ನಾನೇ ಇಂಟರ್‌ಪ್ರೆಟರ್. ಕ್ಯಾನ್ಸರಿನ ಲಂಪ್, ಅಂದರೆ ಗಡ್ಡೆ, ಮೊಲೆಯಲ್ಲಷ್ಟೇ ಇದ್ದರೆ ಫಸ್ಟ್ ಸ್ಟೇಜ್, ಎಂದರು. ಕಂಕುಳ ಗ್ಲ್ಯಾಂಡ್ಸ್‌ಗೆ ಇಳಿದರೂ ಅವು ಇನ್ನೂ ಅತ್ತಿತ್ತ ಸರಿಯುತ್ತಿದ್ದರೆ ಸೆಕೆಂಡ್. ಆಗಲೂ ಆಪರೇಶನ್ ಮಾಡಬಹುದು. ಗ್ಲ್ಯಾಂಡ್ಸ್ ಒಂದಕ್ಕೊಂದು ಅಂಟಿ, ಗಡ್ಡೆ ಎದೆಗೂಡಿಗೆ ಕಚ್ಚಿಕೊಂಡರೆ ಥರ್ಡ್. ಎಲುಬಿಗೋ ಶ್ವಾಸಕೋಶಕ್ಕೋ ಹೋದರೆ ಫೋರ್ತ್. ಎಷ್ಟು ನೋಯುತ್ತದೆ ಎಂಬುದಲ್ಲ, ಎಷ್ಟು ದೂರ ಹೋಗಿದೆ ಎಂಬುದನ್ನು ನೋಡಬೇಕಂತೆ.

ಅವ್ವನದು ಥರ್ಡ್.

"ಕಂಕುಳಲ್ಲಿ ಯಾವಾಗ ಊದಿಕೊಂಡಿತು?" ಎಂದು ಕೇಳಿದರು.

ಬೇಸಿಗೆಯಲ್ಲಿ ಸೂಜಿ ಹಿಡಿದವಳು ನಾನೇ.

"ಏನಂದ್ರು ಅವರು?" ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ಮೂರು ಸ್ಟೇಜ್ ಇರ್ತಾವಂತ. ನಿಂದು ಮೂರನೇದು. ಬೊಂಬಾಯಿಗೆ ಹೋಗಿ ಎಕ್ಸ್‌ರೇ ಟ್ರೀಟ್‌ಮೆಂಟ್ ತಗೋಬೇಕಂತ."

ನಾಲ್ಕನೆಯದನ್ನು ನುಂಗಿಬಿಟ್ಟೆ. ಅವಳಿಗೆ ಭಯವಾಗದಿರಲಿ ಎಂದು. ಐ ಥಾಟ್ ಇಟ್ ವಾಸ್ ಕೈಂಡ್‌ನೆಸ್.

"ಮೂರನೇದ ಕಡೀದಂದ್ರ ಇನ್ನ ಮುಂದ ಏನು ಕೆಡೂದದ? ಬೊಂಬಾಯಿ ಯಾಕ್ ಬೇಕು? ಇದ್ದಷ್ಟು ದಿನ ಮನ್ಯಾಗ ಇರ್ತೀನಿ," ಎಂದಳು. ಅಪ್ಪ ಎಷ್ಟು ಹೇಳಿದರೂ ಹೊರಡಲಿಲ್ಲ. ಇನ್ನೂ ಒಂದಿದೆ, ಅದನ್ನು ತಡೆಯಲಿಕ್ಕೇ ಬೊಂಬಾಯಿ ಎಂದು ಹೇಳಲು ದಿನಾ ಬಾಯಿ ತೆರೆಯುತ್ತಿದ್ದೆ. ಸುಳ್ಳು ಹೇಳಿದೆನೆಂದು ಒಪ್ಪಿಕೊಳ್ಳುವ ಧೈರ್ಯ ಬರಲೇ ಇಲ್ಲ. ಬೊಂಬಾಯಿ ಅವಳನ್ನು ಉಳಿಸುತ್ತಿತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಅಷ್ಟನ್ನು ಒಪ್ಪಿಕೊಂಡಿದ್ದೇನೆ. ಆದರೆ ಹೋಗುವುದೋ ಬೇಡವೋ ಎಂದು ತೀರ್ಮಾನಿಸಬೇಕಿದ್ದವಳು ಅವಳು, ನಾನಲ್ಲ.

ನಲವತ್ತೆಂಟರಲ್ಲಿ ರಜಾಕಾರರ ಗಲಭೆ ಹೆಚ್ಚಿತು. ಹೆಣ್ಣುಮಕ್ಕಳನ್ನು ನಿಜಾಮ ಸಂಸ್ಥಾನದ ಗಡಿಯಾಚೆಗೆ ಕಳಿಸತೊಡಗಿದರು. ನಮ್ಮ ಮಾಮನ ಗಾಡಿ ಬಾಗಿಲಿಗೆ ಬಂತು.

"ನೀನೂ ಬಾಬೇ," ಎಂದು ನಾನು ಅಳತೊಡಗಿದೆ.

"ಎಂಟು ದಿನದಿಂದ ನಡ ಹಿಡದದ. ಗಾಡ್ಯಾಗ ಕುಂದ್ರಾಕ ಆಗಂಗಿಲ್ಲ. ನೀ ನಡಿ. ನೆಟ್ಟಗಾದ ಮ್ಯಾಲ ನಿಮ್ಮಪ್ಪನ ಕೂಡ ಬರ್ತೇನಿ."

ಎಲುಬು.

ನನಗೆ ಗೊತ್ತಾಯಿತು. ಅವಳಿಗೆ ಗೊತ್ತಿರಲಿಲ್ಲ. ಗಾಡಿ ಹತ್ತಿದೆ. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವ್ವ ಹೊಸ್ತಿಲಲ್ಲೇ ನಿಂತಿದ್ದಳು. ಕೈ ಬೀಸಲಿಲ್ಲ, ಎರಡೂ ಕೈ ನಡುವನ್ನು ಒತ್ತಿಕೊಂಡಿದ್ದವು.