ಗಂಗತ್ತಿಯ ಎಲಿ-ಅಡಕಿ

ನಿಜಾಮನ ಕಾಲಕ್ಕೆ ನಮ್ಮ ಕಲಬುರಗಿಯಲ್ಲಿ ಮನೆಯ ಮಾತು ಕನ್ನಡ, ಸಾಲಿಯ ಮಾತು ಉರ್ದು. ಒಂಬತ್ತು ವರ್ಷದ ನನಗೆ ಅಲಿಫ್, ಬೇ ಸರಾಗವಾಗಿ ಬರುತ್ತಿತ್ತು. ಅ, ಆ ಮಾತ್ರ ಯಾರದೋ ಅಂಗಳದ ರಂಗೋಲಿಯಂತೆ ಕಾಣುತ್ತಿತ್ತು. ಅಪ್ಪನಿಗೆ ಸ್ಟೇಶನ್ ಬಜಾರಿನಲ್ಲಿ ಪುಸ್ತಕ, ಪಾಟಿ, ಬಳಪದ ಅಂಗಡಿ. ರೈಲಿನಲ್ಲಿ ಬಂದ ಕನ್ನಡ ಪುಸ್ತಕಗಳ ಕಟ್ಟು ಬಿಚ್ಚಿದರೆ ಹೊಸ ಕಾಗದ, ಅಂಟು, ಇಂಜಿನ್ ಹೊಗೆ ಎಲ್ಲ ಕೂಡಿದ ಒಂದು ವಾಸನೆ ಬರುತ್ತಿತ್ತು. ನಾನು ಮೂಸಿ ನೋಡಿ ಹಾಗೇ ಇಡುತ್ತಿದ್ದೆ. ಓದಲು ಬರಬೇಕಲ್ಲ!

ಪೊಲೀಸ್ ಆಕ್ಷನ್ ಆದ ವರ್ಷದ ಮಳೆಗಾಲ ಅದು. ಊರಲ್ಲಿ ರಜಾಕಾರರ ಗದ್ದಲ ಹೆಚ್ಚಾಗಿ, ಹೊತ್ತು ಮುಳುಗುವ ಮೊದಲೇ ಬಾಗಿಲುಗಳು ಬೀಳುತ್ತಿದ್ದವು. ಒಂದು ಬೆಳಿಗ್ಗೆ ಅಪ್ಪ ನನ್ನನ್ನೂ ಅವ್ವನನ್ನೂ ಬಂಡಿ ಹತ್ತಿಸಿ, ಕಮಲಾಪುರದಲ್ಲಿದ್ದ ತನ್ನ ಅಕ್ಕ ಗಂಗತ್ತಿಯ ಮನೆಗೆ ಕಳಿಸಿದ. ಜೊತೆಗೆ ಒಂದು ತಗಡಿನ ಪೆಟ್ಟಿಗೆ ಏರಿಸಿದ. ಅವ್ವ ಮುಚ್ಚಳ ತೆಗೆದು ನೋಡಿದರೆ ಬರೀ ಪುಸ್ತಕ.

“ಹಂಡೆ ಬಿಟ್ರಿ, ಕೌದಿ ಬಿಟ್ರಿ. ಇವನ್ನೇನು ರೊಟ್ಟಿ ಜೋಡಿ ಹಚ್ಕೊಂಡು ತಿನ್ನೂದೇನ್ರಿ?”

“ಅಂಗಡಿ ಉಳೀತದೋ ಇಲ್ಲೋ. ಇವಾದ್ರೂ ಉಳೀಲಿ. ಅಕ್ಕ ಓದ್ತಾಳ,” ಎಂದ ಅಪ್ಪ. ತಾನು ಮಾತ್ರ ಅಲ್ಲೇ ಉಳಿದ.

ಗಂಗತ್ತಿ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಆತ ಬದುಕಿದ್ದಾಗ ಕಲಿಸಿಹೋದ ಅಕ್ಷರವನ್ನು ದಿನವೂ ಬಳಸಿ ಬೆಳ್ಳಿಯ ಹಾಗೆ ಬೆಳಗಿಟ್ಟಿದ್ದಳು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಲೆ ಉಂಡು, ಪಾತ್ರೆ ತೊಳೆದಿಟ್ಟು, ಕಿಟಕಿಯ ಬಳಿ ತಣ್ಣನೆಯ ಪರಸಿಗಲ್ಲಿನ ನೆಲದ ಮೇಲೆ ಪುಸ್ತಕ ಹಿಡಿದು ಕೂತುಬಿಡುತ್ತಿದ್ದಳು. “ಮಂದಿ ಉಂಡ ಮ್ಯಾಲ ಎಲಿ-ಅಡಕಿ ಹಾಕ್ಕೋತಾರಲ್ಲ? ನನಗ ಇದೇ ಎಲಿ-ಅಡಕಿ,” ಎನ್ನುತ್ತಿದ್ದಳು. ಓದುವುದು ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ.

ನನಗೆ ಅಕ್ಷರ ಕಲಿಸಿದ್ದು ಬೀಸುವ ಕಲ್ಲಿನ ಮುಂದೆ. ಕಲ್ಲಿನ ಸುತ್ತ ಉದುರಿದ ಜ್ವಾಳದ ಹಿಟ್ಟಿನಲ್ಲಿ ಬೆರಳಾಡಿಸಿ ‘ಕ’ ಬರೆಯುವಳು. ನಾನು ತಿದ್ದುವೆ. ಬೀಸುವುದು ಮುಗಿಯುವಷ್ಟರಲ್ಲಿ ನನ್ನ ಮೂಗು, ಜಡೆ, ಲಂಗವೆಲ್ಲ ಬಿಳುಪು.

ಆಗ ಓದುತ್ತಿದ್ದದ್ದು ಸಮುದ್ರ ದಾಟಿ ಹೋಗಿ ತಿರುಗಿ ಬಾರದ ಒಬ್ಬ ವ್ಯಾಪಾರಿಯ ಕಥೆ. ನಮ್ಮಲ್ಲಿ ಯಾರೂ ಸಮುದ್ರ ಕಂಡವರಲ್ಲ. ಹಿತ್ತಲಾಚೆ ಕೆಂಪು ಬಾಳೆಯ ತೋಟವಿತ್ತು. ಗಾಳಿ ಬೀಸಿದಾಗ ಆ ಎಲೆಗಳೆಲ್ಲ ಒಂದೇ ಸಲ ಸುಯ್ಯೆನ್ನುತ್ತಿದ್ದವು. ಅದೇ ಸಮುದ್ರ ಅಂದುಕೊಂಡು ನಾನು ಕಣ್ಣು ಮುಚ್ಚಿದರೆ ಪರಸಿಗಲ್ಲೇ ತೇಲಿದಂತಾಗುತ್ತಿತ್ತು.

ಅಪ್ಪನ ಸುದ್ದಿ ಇರಲಿಲ್ಲ. ಅವ್ವ ಮಾತು ಬಿಟ್ಟಳು. ತಾಟು ಮುಂದಿಟ್ಟರೂ ಮುಟ್ಟದೆ ಗೋಡೆಗೆ ಆತು ಕೂತಿರುತ್ತಿದ್ದಳು. ಗಂಗತ್ತಿ ಅವಳಿಗೆ ಸಮಾಧಾನ ಹೇಳಲಿಲ್ಲ, ಓದುವುದನ್ನೂ ನಿಲ್ಲಿಸಲಿಲ್ಲ. ಒಂದು ಮಧ್ಯಾಹ್ನ ಪುಟ ಮಡಚುವಾಗ ಅವ್ವ ತಟ್ಟನೆ ಕೇಳಿದಳು: “ಅಕ್ಕಾ, ಆ ವ್ಯಾಪಾರಿ ಹೆಂಡ್ತಿ, ಗಂಡ ಬರಲಿಲ್ಲಂತ, ಉಂಡ್ಳೋ ಇಲ್ಲೋ?”

“ಉಂಡಿರಬೇಕವಾ. ಇಲ್ಲಾಂದ್ರ ದಿನಾ ಸಮುದ್ರದ ದಂಡಿಗೆ ಹೋಗಿ ಹಾದಿ ನೋಡಾಕ ಕಾಲಾಗ ಶಕ್ತಿ ಎಲ್ಲಿಂದ ಬರ್ತಿತ್ತು?”

ಅವ್ವ ಎದ್ದು ತಾನೇ ತಾಟು ಹಾಕಿಕೊಂಡಳು.

ಕೆಲವು ದಿನಗಳಲ್ಲಿ ಹಿಂದುಸ್ತಾನದ ಮಿಲಿಟರಿ ಬಂತು, ನಿಜಾಮ ಸೋತ ಎಂದರು. ಜನ ತೆಂಗಿನಕಾಯಿ ಒಡೆದರು. ಅಂಜಿಕೆ ಹೋಯಿತೆಂದು ನಾನಂದುಕೊಂಡೆ. ಅದು ಬರೀ ಮನೆ ಬದಲಿಸಿತ್ತು. ಹಿಂದಿನ ಓಣಿಯ ಹಲೀಮಾ ಖಾಲಾ ಒಂಟಿ ಮುದುಕಿ. ಮಗ ಹೈದರಾಬಾದಿನಲ್ಲಿ. ಮೊನ್ನೆ ಮೊನ್ನೆ ನಮಗೆ ಹಸಿಶೇಂಗಾ ಕುದಿಸಿ ಕೊಟ್ಟಿದ್ದ ಆಕೆಯ ಬಾಗಿಲು ಈಗ ತೆರೆಯುತ್ತಲೇ ಇರಲಿಲ್ಲ. ಗಂಗತ್ತಿ ಹಿತ್ತಲಿನಿಂದ ಹೋಗಿ ಕೈಹಿಡಿದು ಕರೆತಂದು, ನಮ್ಮ ನಡುವೆ ಕೂರಿಸಿಕೊಂಡಳು.

ಮರುದಿನ ಮಧ್ಯಾಹ್ನ ಬಾಗಿಲು ಬಡಿದರು. ಕೈಯಲ್ಲಿ ಬಡಿಗೆ ಹಿಡಿದ ಗಂಡಸರು.

ಗಂಗತ್ತಿ ಪುಸ್ತಕ ನನ್ನ ತೊಡೆಯ ಮೇಲಿಟ್ಟಳು. “ಓದು. ನಿಲ್ಲಸಬ್ಯಾಡ.”

ನಾನು ಅಲ್ಲಿಯವರೆಗೆ ಕನ್ನಡದ ಅಚ್ಚಿನ ಸಾಲು ಓದಿದವಳೇ ಅಲ್ಲ. ಬೆರಳಿಟ್ಟು, ಅಕ್ಷರ ಕೂಡಿಸಿ ಶುರುಮಾಡಿದೆ. ಅವ್ವ ತನ್ನ ಸೆರಗನ್ನು ಖಾಲಾಳ ತಲೆಯ ಮೇಲೂ ಎಳೆದಳು. ಹೊಸ್ತಿಲಲ್ಲಿ ಗಂಗತ್ತಿಯ ದನಿ:

“ಯಾಕ್ರಪಾ?”

“ಒಳಗ ಯಾರದಾರ್ರೀ ಗಂಗಮ್ಮಾರ?”

“ನಮ್ಮ ಮನೀ ಹೆಣಮಕ್ಕಳು ಪುಸ್ತಕ ಓದಾಕತ್ತಾರ. ಕೇಳೂದಿದ್ರ ಬಡಿಗಿ ಹೊರಗಿಟ್ಟು ಬಂದು ಕುಂದರ್ರಿ. ಇಲ್ಲಾಂದ್ರ ಹಾದಿ ಹಿಡೀರಿ. ಕೂಸು ಓದೂ ಮುಂದ ಗದ್ದಲ ಹಾಕಬ್ಯಾಡ್ರಿ.”

ನನ್ನ ಕಣ್ಣಿಗೆ ಸಾಲುಗಳು ಕಲಸಿಹೋಗುತ್ತಿದ್ದವು. ಆದರೂ ಹಡಗು, ಅಲೆ, ಹಾಯಿ ಎಂದು ಒಂದೊಂದೇ ಪದ ಹಿಡಿದು ಮುಂದೆ ಹೋದೆ. ತುಸು ಹೊತ್ತಿಗೆ ಹೆಜ್ಜೆಗಳ ಸಪ್ಪಳ ದೂರವಾಯಿತು. ಒಬ್ಬ ಮಾತ್ರ ಹೋಗಿರಲಿಲ್ಲ. ಬಡಿಗೆ ಅಂಗಳದಲ್ಲಿಟ್ಟು, ಕಟ್ಟೆಯ ಮೇಲೆ ಕೂತು, ಅಧ್ಯಾಯ ಮುಗಿಯುವವರೆಗೆ ಕೇಳಿ, ಯಾರ ಮುಖವನ್ನೂ ನೋಡದೆ ಎದ್ದುಹೋದ.

ಖಾಲಾ ತಲೆಯ ಮೇಲಿನ ಸೆರಗು ಸರಿಸಿ ನನ್ನ ಕಡೆ ತಿರುಗಿದಳು: “ನಿಮ್ಮ ಕಿತಾಬಿನ್ಯಾಗಿನ ದರಿಯಾ, ಆ ಸಮುದ್ರ, ಭಾಳ ಛಲೋ ಅದ, ಬೇಟಿ. ನಮ್ಮ ಜಬಾನ್ಯಾಗೂ ಏನಾರ ಓದ್ತಿಯೇನು?”

ನನ್ನ ಸಾಲಿಯ ಉರ್ದು ಪುಸ್ತಕ ಬಂಡಿಯಲ್ಲಿ ಬಂದಿತ್ತು. ಅಂದಿನಿಂದ ಆ ಮನೆಯಲ್ಲಿ ಮೊದಲು ಕನ್ನಡ, ಆಮೇಲೆ ಉರ್ದು. ಅವ್ವ, ಗಂಗತ್ತಿ ಅರ್ಧ ತಿಳಿದು ಅರ್ಧ ತಿಳಿಯದೆ ತಲೆದೂಗುವರು. ಸುಲಿದ ಕೆಂಪು ಬಾಳೆಹಣ್ಣಿನ ಪರಿಮಳ, ಹೊರಗೆ ಜಿಟಿಜಿಟಿ ಮಳೆ, ಖಾಲಾಳ ಅರೆಮುಚ್ಚಿದ ಕಣ್ಣು. ಈಗ ನೆನೆದರೆ ಕನಸೇ ಇರಬೇಕು ಅನಿಸುತ್ತದೆ.

ದಸರೆಗೆ ಮುಂಚೆ ಅಪ್ಪ ಬಂದ. ಗುರುತು ಸಿಗದಷ್ಟು ಸೊರಗಿದ್ದ. ಅಂಗಡಿ ಉಳಿದಿರಲಿಲ್ಲ. ನೀರು ಕುಡಿದು ಕೇಳಿದ, “ಪುಸ್ತಕ ಓದಿದ್ಯೇನಕ್ಕಾ?”

“ನಿನ್ನ ಮಗಳ ಓದ್ಯಾಳ, ಕೇಳು.”

ಅಪ್ಪ ಪರಸಿಯ ಮೇಲೆ ಒರಗಿದ. ಅರ್ಧ ಪುಟ ಓದುವುದರಲ್ಲಿ ಅವನಿಗೆ ನಿದ್ದೆ ಹತ್ತಿತು. ನಾನು ನಿಲ್ಲಿಸಿದೆ. “ಓದು, ಅವರಿಗೆ ಕೇಳ್ತದ,” ಎಂದಳು ಅವ್ವ, ಕಣ್ಣೊರೆಸಿಕೊಳ್ಳುತ್ತ.

ಓದಿಲ್ಲದ ದಿನ ನನ್ನ ಬದುಕಿನಲ್ಲಿ ಆಮೇಲೆ ಅಪರೂಪ. ಗಂಡ ತೀರಿದ ವರ್ಷವೂ, ಮಗ ಆಸ್ಪತ್ರೆಯಲ್ಲಿದ್ದಾಗಲೂ ಉಂಡಾದ ಮೇಲೆ ನಾಲ್ಕು ಪುಟ ತಿರುವಿಯೇ ಎದ್ದಿದ್ದೇನೆ. ಎದೆಯ ಬಡಿತ ತಣ್ಣಗಾಗುತ್ತದೆ. ಎದುರಿಗಿರುವವರ ಮಾತನ್ನು ಪೂರ್ತಿ ಕೇಳುವ ಸೈರಣೆ ಬರುತ್ತದೆ. ಗಂಗತ್ತಿಗೆ ಬಾಗಿಲಲ್ಲಿ ನಿಲ್ಲುವ ಧೈರ್ಯವೂ ಅಲ್ಲಿಂದಲೇ ಬಂದಿರಬೇಕು.

ಖಾಲಾ ಮಗನ ಬಳಿಗೆ ಹೈದರಾಬಾದಿಗೆ ಹೋದಳು, ಮುಂದೆ ಸುದ್ದಿಯಿಲ್ಲ. ಗಂಗತ್ತಿ ಇಲ್ಲ, ಆ ಮನೆಯೂ ಇಲ್ಲ. ಸೇಡಂ ರಸ್ತೆಯ ನಮ್ಮ ಮನೆಯಲ್ಲಿ ಈಗ ಎಲ್ಲರೂ ಓದುವವರೇ. ಆದರೆ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ, ತುಟಿ ಬಿಚ್ಚದೆ. ಉರ್ದು ಅಕ್ಷರ ಬಲ್ಲವಳು ನಾನೊಬ್ಬಳೇ. ಕೆಲವು ಮಧ್ಯಾಹ್ನ, ಮೊದಲು ಕನ್ನಡ, ಆಮೇಲೆ ಉರ್ದು ಎಂದು ನಾನೇ ಗಟ್ಟಿಯಾಗಿ ಓದತೊಡಗಿದರೆ, ಅಡುಗೆಮನೆಯಿಂದ ಸೊಸೆ ಕೇಳುತ್ತಾಳೆ:

“ಯಾರ ಜೋಡಿ ಮಾತಾಡಾಕತ್ತೀರಿ ಅತ್ತೀ?”

“ಯಾರೂ ಇಲ್ಲವಾ,” ಅನ್ನುತ್ತೇನೆ.