ಅತ್ತೆಯೂ ನಾನೂ ಬಿಟ್ಟದ್ದು

ನಮ್ಮ ಅತ್ತೆಯದು ಗಿಣಿಮೂಗು. ಎರಡು ಹೊಳ್ಳೆಗೂ ಕೆಂಪು ಹರಳಿನ ಬೊಟ್ಟು, ನಡುವೆ ಒಂದು ಸಣ್ಣ ಬುಲಾಕು. ಒಲೆ ಊದಲು ಬಗ್ಗಿದಾಗ ಆ ಬುಲಾಕು ಕೆಂಡದ ಬೆಳಕಿಗೆ ಹೊಳೆಯುತ್ತಿತ್ತು. ಅಷ್ಟು ದೊಡ್ಡ ಮೂಗಿಟ್ಟುಕೊಂಡೂ ಅವರಿಗೆ ಒಂದು ವಾಸನೆ ಮಾತ್ರ ಹತ್ತುತ್ತಿರಲಿಲ್ಲ. ಯಳಂದೂರಿನ ನಮ್ಮ ಬೀದಿಯ ಕೊನೆಯಲ್ಲಿ ಬಾಡಿನ ಅಂಗಡಿ ಇತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ಕುರಿಯ ತಲೆ ಕಾಲು ಸುಡುವ ಹೊಗೆ ಬೇರೆಲ್ಲೂ ಹೋಗದೆ ನೇರವಾಗಿ ನಮ್ಮ ಹಿತ್ತಿಲಿಗೆ ಬರುತ್ತಿತ್ತು. ಅತ್ತೆ ಪೂಜೆಗೆ ಬಿಲ್ವಪತ್ರೆ ಬಿಡಿಸುತ್ತಾ, "ಯಾರೋ ಕಸ ಸುಡ್ತಾವ್ರೆ, ಕಣ್ಣುರಿ" ಅನ್ನುತ್ತಿದ್ದರು. ಪಕ್ಕದಲ್ಲಿ ಕೂತ ನನ್ನ ಬಾಯಲ್ಲಿ ನೀರು. ಅವರ ಬುಲಾಕಿನ ಮೇಲಲ್ಲ, ಆ ಮೂಗಿನ ಮೇಲೇ ನನಗೆ ಹೊಟ್ಟೆಕಿಚ್ಚು. ಈಗಲೂ ಅದು ಪೂರ್ತಿ ಆರಿಲ್ಲ.

ನಾನು ಹೂಗ್ಯಂ ಕಡೆಯ ಬೇಸಾಯಗಾರರ ಮಗಳು. ಕಾಡಿನ ಅಂಚಿನ ಊರು. ನಮ್ಮ ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆ ದಾರಕ್ಕೆ ಪೋಣಿಸಿದ ಉಪ್ಪು ಹಚ್ಚಿದ ಬಾಡಿನ ತುಂಡುಗಳು ಹೊಗೆಯಲ್ಲಿ ಒಣಗುತ್ತಿದ್ದವು. ಮಳೆ ಹಿಡಿದ ದಿನ ಅವ್ವ ಒಂದೆರಡು ಕಿತ್ತು ಕೆಂಡದ ಮೇಲೆ ಹಾಕುತ್ತಿದ್ದಳು. ಕೊಳ್ಳೇಗಾಲದ ಕಾನ್ವೆಂಟಿನ ಬೋರ್ಡಿಂಗಿಗೆ ನನ್ನನ್ನು ಸೇರಿಸಿದಾಗಲೂ ರಜೆ ಅಂದರೆ ನನಗೆ ಆ ವಾಸನೆಯೇ. ಮುಂದೆ ಲವ್ ಮ್ಯಾರೇಜ್ ಆಗಿ ಯಳಂದೂರಿನ ಲಿಂಗವಂತರ ಮನೆಗೆ ಸೊಸೆಯಾಗಿ ಬಂದೆ. ಮದುವೆಗೆ ಮೊದಲು ಮಠದಲ್ಲಿ ಅಯ್ನೋರು ನನಗೆ ಲಿಂಗ ಕಟ್ಟಿದರು. ಮಾವನವರು ಹೇಳಿದ್ದು ಒಂದೇ ಮಾತು: "ಇನ್ನು ಬಾಯಿಗೆ ಬಾಡು ಮುಟ್ಟಕೂಡದು. ಮುಟ್ಟಿದ್ಯಾ, ಲಿಂಗ ಬಿಚ್ಚಿ ಮಡಗಿ ತೌರಿಗೆ ಒಂಟೋಗು." ನಾನು ಮದುವೆಯಾಗಲಿದ್ದ ನಮ್ಮವರ ಕಡೆ ತಿರುಗಿ, "ನೋ ಪ್ರಾಬ್ಲಮ್" ಅಂದೆ. ಸೆಲ್ಫ್ ಕಂಟ್ರೋಲ್ ವಿಷಯದಲ್ಲಿ ಸಿಸ್ಟರ್‌ಗಳ ಹತ್ತಿರ ಪ್ರೈಜ್ ತೆಗೆದುಕೊಂಡವಳಲ್ಲವೇ ನಾನು!

ಪ್ರಾಬ್ಲಮ್ ಹಸಿವಿನದಲ್ಲ. ಆ ಮನೆಯಲ್ಲಿ ತುಪ್ಪ, ಮೊಸರಿಗೆ ಬರವಿರಲಿಲ್ಲ. ಹೊಟ್ಟೆ ತುಂಬಿದ ಮೇಲೂ ಹಲ್ಲಿಗೆ ಏನೋ ಬೇಕು. ಮುದ್ದೆ ಮುರಿದು ಸಾರಿಗೆ ಅದ್ದಿದಾಗ ಬೆರಳು ಸಾರಿನೊಳಗೆ ತಾನಾಗಿಯೇ ಹುಡುಕುತ್ತಿತ್ತು, ಸಿಗುತ್ತಿದ್ದದ್ದು ಬದನೆಕಾಯಿ. ಲವಂಗ ಕಚ್ಚಿಕೊಂಡೆ, ಹುರಿಗಡಲೆ ತಿಂದೆ, ತಣ್ಣೀರು ಕುಡಿದೆ. ನಮ್ಮವರು ಒಂದು ದಿನ, "ಅವ್ವನ್ನ ನೋಡಿ ಕಲಿ" ಅಂದುಬಿಟ್ಟರು. ಏನು ಕಲಿಯುವುದು? ಅವರು ಹುಟ್ಟಿದಾಗಿನಿಂದ ರುಚಿಯನ್ನೇ ಕಾಣದವರು. ಹೊಳೆಯ ಹತ್ತಿರವೇ ಹೋಗದವನು ಹೊಳೆಗೆ ಬೀಳಲಿಲ್ಲ ಅಂತ ಹೊಗಳಿದ ಹಾಗಾಯಿತು. ಕಷ್ಟ ನನ್ನದು, ಹೆಸರು ಅವರದು. ಆ ದಿನವೆಲ್ಲ ಅತ್ತೆಯ ಮುಖ ನೋಡದೆ ಕೆಲಸ ಮಾಡಿದೆ.

ಅವರು ಸುಮ್ಮನಿರುವವರಲ್ಲ. ಮನೆಯವರೆಲ್ಲ ಊಟ ಮಾಡಿ ಎದ್ದ ಮೇಲೆ ಕಾಲು ಚಾಚಿ ಕೂತು, ಮಡಿಲಿನ ಎಲೆಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆಯ ಜೊತೆ ಚೂರು ಹೊಗೆಸೊಪ್ಪು ಮಡಿಸಿ ದವಡೆಗಿಟ್ಟುಕೊಳ್ಳುವುದು ಅವರ ದಿನದ ಹಬ್ಬ. ಹಾಗೆ ಅಗಿಯುತ್ತಾ ಕೇಳಿದರು:

"ಯಾಂಗಿರ್ತದವ್ವ ಅದು?"

"ಯಾವುದು ಅತ್ತೆ?"

"ಅದೇ, ನೀನು ಬುಟ್ಟದ್ದು. ಯೋಳು. ಒಳಗೇ ಮಡಿಕಂಡ್ರೆ ಉಳಿ ಬತ್ತದ."

ನಾನು ಪರೀಕ್ಷೆಗೆ ಉತ್ತರ ಬರೆಯುವವಳಂತೆ ಶುರು ಮಾಡಿದೆ. ನಾರುನಾರಾಗಿ ಬಿಡಿಸಿಕೊಳ್ಳುತ್ತದೆ ಅಂದೆ. ಮಸಾಲೆ ಒಳಗಿನವರೆಗೂ ಇಳಿದಿರುತ್ತದೆ, ಕೊನೆಗೆ ಮೂಳೆ ಚೀಪಬೇಕು, ಅದರೊಳಗಿಂದ ಸುರ್ ಅಂತ ಬರಬೇಕು ಅಂದೆ. ಹೇಳುತ್ತಾ ಹೇಳುತ್ತಾ ಸೆರಗಿನಿಂದ ಬಾಯಿ ಒರೆಸಿಕೊಂಡೆ. ಅವರು ಮುಖ ಸಿಂಡರಿಸಲಿಲ್ಲ. ಬೇರೆ ಊರಿನ ಸುದ್ದಿ ಕೇಳುವವರ ಹಾಗೆ ತಲೆ ತೂಗುತ್ತಾ ಕೇಳಿದರು. ಮಾರನೆಯ ದಿನ ತೋಟದಿಂದ ಎಳೆ ಹಲಸಿನಕಾಯಿ ತರಿಸಿದರು. ಚಕ್ಕೆ, ಲವಂಗ, ಗಸಗಸೆ, ಕೊತ್ತಂಬರಿ ಬೀಜ ಹುರಿದು ಎಂಥ ಮಸಾಲೆ ಅರೆದರು ಅಂದರೆ, ಮಾವನವರು ಜಗುಲಿಯಿಂದ ಎದ್ದು ಬಂದರು.

"ಏನಿದು? ನಮ್ಮನೇಲಿ ಬಾಡಿನ ಗಮ್ಲು?"

"ಅಲಸಿನಕಾಯಿ ಕಣ್ರಿ. ಅದ್ರ ಜಾತಿಯೂವ ಕೇಳೀರಾ?" ಅಂದರು ಅತ್ತೆ. ಮಾವ ಕೂತು ಎರಡು ಸಲ ಹಾಕಿಸಿಕೊಂಡು ತಿಂದರು. ನನ್ನ ತಟ್ಟೆಗೆ ಬಡಿಸುವಾಗ ಅತ್ತೆ ಸಾರಿನ ತಳದಿಂದ ಉದ್ದನೆಯ ನುಗ್ಗೆಕಾಯಿ ತುಂಡೊಂದನ್ನು ಎತ್ತಿ ಹಾಕಿ, ಕಿವಿಯ ಹತ್ತಿರ ಬಗ್ಗಿ, "ಮೂಳೆ. ಚೀಪು" ಅಂದರು.

ನಗು ಬಂತು, ಅಳುವೂ ಬಂತು. ತಿಂದೆ. ಬಾಡಿನ ಹಾಗಿರಲಿಲ್ಲ. ಹತ್ತಿರ ಹತ್ತಿರ ಬಂದು ಬಾಗಿಲಲ್ಲೇ ನಿಂತುಕೊಂಡಂತಿತ್ತು. ಅವರು ಮಾತ್ರ ಆ ಸಾರನ್ನು ಮುಟ್ಟಲಿಲ್ಲ. "ನೀನು ಯೋಳಿದ್ದು ಕೇಳಿ ಕೇಳಿ ನಂಗೆ ಇದೂ ಅದೇ ಅನ್ನಿಸ್ಬುಟ್ಟದ" ಅಂದು ಮಜ್ಜಿಗೆ ಅನ್ನ ಕಲಸಿಕೊಂಡರು. ಎಷ್ಟು ಸಲೀಸು! ಇಷ್ಟವಿಲ್ಲ, ತಿನ್ನಲಿಲ್ಲ, ಮುಗಿಯಿತು. ಮತ್ತೆ ನನ್ನ ಹೊಟ್ಟೆ ಉರಿಯಿತು.

ನಿಜವಾದ ಟೆಂಪ್ಟೇಶನ್ ಬಂದದ್ದು ನನ್ನ ತಮ್ಮನ ಹೊಸ ಮನೆಯ ಊಟದ ದಿನ. ಹೂಗ್ಯಂಗೆ ಒಬ್ಬಳೇ ಹೋಗಿದ್ದೆ. ಚಪ್ಪರದ ಕೆಳಗೆ ಸಾಲು ಸಾಲು ಜನ, ಮುದ್ದೆ, ನಾಟಿಕೋಳಿ ಸಾರು. ನನಗೆ ಪಡಸಾಲೆಯಲ್ಲಿ ಬೇರೆ ಎಲೆ ಹಾಕಿ ಮೊಸರನ್ನ. ಸೋದರತ್ತೆ ಅಲ್ಲಿಂದಲೇ ಕೂಗಿದಳು: "ನೋಡ್ರಲೇ, ನಮ್ ಉಡ್ಗಿ ಸೊಪ್ಪು ಮೇಯೋ ಮ್ಯಾಕೆ ಆಗೋಗವ್ಳೆ!" ಎಲ್ಲರೂ ನಕ್ಕರು. ತಂಗಿ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಳು. "ಒಂದೇ ಒಂದು ತುಂಡು ಕಣಕ್ಕ. ಯಳಂದೂರ್ಗೆ ಕಣ್ಣು ಕಾಣ್ತದಾ?" ತುಂಡು ನನ್ನ ತುಟಿಯ ಹತ್ತಿರ ಇತ್ತು. ತಿಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅತ್ತೆಯ ಪಕ್ಕದಲ್ಲಿ ಕೂರಬೇಕಲ್ಲ. ಸುಳ್ಳು ಹೇಳಿ ಕೂರಲಾರೆ, ನಿಜ ಹೇಳಿ ಮನೆ ಬಿಡಲಾರೆ. ಎದ್ದು ಹೋಗಿ ಬಾವಿಯ ಹತ್ತಿರ ನಿಂತೆ. ನನ್ನ ಹಿಂದೆ ಮೂಳೆ ಕಡಿಯುವ ಸದ್ದು ಕೇಳುತ್ತಲೇ ಇತ್ತು.

ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಅತ್ತುಬಿಟ್ಟೆ. "ತಿಂದ್ಯಾ ಮಗ?" ಅಂದರು ಅತ್ತೆ. ಇಲ್ಲ ಅಂದೆ. "ಮತ್ಯಾಕಳ್ತಿಯೆ?" ತಿನ್ನಲಿಲ್ಲವಲ್ಲ ಅಂತಲೇ ಅಳುತ್ತಿದ್ದೆ ಅಂತ ಹೇಗೆ ಹೇಳಲಿ? ಅದರ ಬದಲು ಬೋರ್ಡಿಂಗಿನ ನೆನಪು ಹೇಳಿದೆ. ಈಸ್ಟರಿಗೆ ಮುಂಚಿನ ಲೆಂಟ್ ಕಾಲದಲ್ಲಿ ಸಿಸ್ಟರ್‌ಗಳು ಬಾಡು ಬಿಡುತ್ತಿದ್ದರು. ಮಕ್ಕಳೂ ಏನಾದರೊಂದು ಬಿಡಬೇಕು. ನಾನು ಒಂದು ವರ್ಷ ಹಾಗಲಕಾಯಿ ಬಿಡುತ್ತೇನೆ ಅಂದಿದ್ದಕ್ಕೆ ಹಿರಿಯ ಸಿಸ್ಟರ್ ಕಿವಿ ಹಿಂಡಿ, ಪ್ರೀತಿಯದ್ದನ್ನು ಬಿಟ್ಟರೆ ಮಾತ್ರ ದೇವರ ಲೆಕ್ಕಕ್ಕೆ ಬರುತ್ತದೆ ಅಂದಿದ್ದರು.

ಅತ್ತೆ ಒಲೆಯ ಕೆಂಡ ಕೆದಕಿದರು. ಆಮೇಲೆ ಅವರು ಆಡಿದ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ.

"ಅಂಗಾದ್ರೆ ನಾನೇನವ್ವ ಬುಟ್ಟಿವ್ನಿ? ಉಟ್ಟಿದಾಗಿಂದ ಲಿಂಗ ಕಟ್ಕಂಡಿವ್ನಿ, ಒಂದು ದಿನವೂ ಒಂದು ಆಸೆ ಕಳದು ಶಿವನ ಮುಂದೆ ಮಡಗಿಲ್ಲ. ನೀನು ದಿನಾ ಮಡಗ್ತಿದ್ದೀಯೆ." ಮೂಗಿನ ತುದಿ ಕೆಂಪಾಗಿತ್ತು. "ನಿನ್ ಕಂಡ್ರೆ ಒಟ್ಟೆ ಉರೀತದ ಕಣವ್ವ ನಂಗೆ."

ನನ್ನ ಮೇಲೆ! ಹೂಗ್ಯಂನ ಬಾಡು ತಿನ್ನುವವರ ಮಗಳ ಮೇಲೆ, ಆ ಮನೆಯ ಯಜಮಾನಿಗೆ ಹೊಟ್ಟೆಕಿಚ್ಚು! ಒಳಗೊಳಗೇ ಎಷ್ಟು ಸಂತೋಷವಾಯಿತು ಅಂದರೆ, ಆ ಸಂಜೆ ಬಾಡಿನ ನೆನಪೇ ಬರಲಿಲ್ಲ.

ಸಂತೋಷ ನಿಲ್ಲಲಿಲ್ಲ. ಮರುದಿನ ಊಟವಾದ ಮೇಲೆ ಅತ್ತೆ ಎಲೆಚೀಲ ಬಿಚ್ಚಲಿಲ್ಲ. ಅದನ್ನು ಹಸುವಿನ ಕೊಟ್ಟಿಗೆಯ ಗೂಡಿನಲ್ಲಿ ತುರುಕಿ ಬಂದರು. ಎಲೆ, ಅಡಿಕೆ, ಹೊಗೆಸೊಪ್ಪು ಎಲ್ಲ ಬಿಟ್ಟರಂತೆ. ಮಾವ ನಕ್ಕರು, "ನಾಳಿದ್ದಿಗೆ ಚೀಲ ಉಡುಕ್ತಾಳೆ ನೋಡು." ಅತ್ತೆಗೆ ತಲೆ ಸಿಡಿತ, ಆಕಳಿಕೆ, ಸಿಡುಕು. ಕಾಗೆಗೆ ಬೈದರು, ಹಸುವಿಗೆ ಬೈದರು, ನನ್ನ ಕಾಫಿಗೆ ಬೈದರು. ಚೀಲವನ್ನು ಮಾತ್ರ ಹುಡುಕಲಿಲ್ಲ. ಒಂದು ಮಧ್ಯಾಹ್ನ ನಾನು ಹತ್ತಿರ ಕೂತು, "ಹೇಳಿ ಅತ್ತೆ, ಹುಳಿ ಬರುತ್ತೆ" ಅಂದೆ. ಅವರು ಕಣ್ಣು ಮುಚ್ಚಿ ಹೇಳಿದರು: ಎಲೆಯ ತೊಟ್ಟು ಮುರಿಯುವ ಸದ್ದು, ಸುಣ್ಣದ ಚುರುಕು, ಹೊಗೆಸೊಪ್ಪಿನ ಮೊದಲ ರಸ ಇಳಿದಾಗ ಕಿವಿಯ ಹಿಂದೆ ಬೆಚ್ಚಗಾಗುವುದು. ಹೇಳಿ ಮುಗಿಸಿ ಒಂದು ಚೊಂಬು ಮಜ್ಜಿಗೆ ಕುಡಿದು ಎದ್ದರು. ಆಮೇಲೆ ನಾನು ನನ್ನದು ಹೇಳಿದೆ. ಪೂರ್ತಿ ಹೇಳಿದರೆ ಆಸೆ ತಾನೇ ಸುಸ್ತಾಗಿ ಮಲಗುತ್ತದೆ. ಅದು ಅವರೇ ಕಂಡುಹಿಡಿದ ಔಷಧಿ. ಯಾವ ಡಯಟೀಶಿಯನ್ನೂ ನನಗೆ ಅದಕ್ಕಿಂತ ಒಳ್ಳೆಯದನ್ನು ಹೇಳಿಲ್ಲ.

ಮುಂದೆ ಅದೇ ನಮ್ಮ ಪಂದ್ಯವಾಯಿತು. "ಇವತ್ತು ಎದುರುಮನೆಯವಳು ನನ್ ಮುಂದೇ ಚೀಲ ಬಿಚ್ಚುದ್ಲು. ನಿನ್ ಕೋಳಿ ಇದ್ರ ಮುಂದೆ ಏನೂ ಅಲ್ಲ" ಅನ್ನುತ್ತಿದ್ದರು. "ನಿಮ್ಮದು ಬರೀ ಸೊಪ್ಪು ಅತ್ತೆ" ಅನ್ನುತ್ತಿದ್ದೆ ನಾನು. ಯಾರ ಆಸೆ ದೊಡ್ಡದು ಅಂತ ಜಗಳ. ಒಬ್ಬರಿಗೆ ಒಂದು ದಿನ ಸಲೀಸಾಗಿ ಕಳೆದರೆ ಇನ್ನೊಬ್ಬರಿಗೆ ಅಸೂಯೆ. ಮಾವ ಹೋದರು, ನನ್ನ ಮಕ್ಕಳು ದೊಡ್ಡವರಾದರು, ನನ್ನ ತಲೆಯೂ ಬೆಳ್ಳಗಾಯಿತು. ಪಂದ್ಯ ನಡೆದೇ ಇತ್ತು.

ಅತ್ತೆಯ ಕೊನೆಯ ದಿನಗಳಲ್ಲಿ ಗಂಜಿಯೂ ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಸನ್ನೆ ಮಾಡಿ ಕರೆದು, "ಒಂದು ಎಲೆ ಮಡಚಿ ಕೊಡವ್ವ" ಅಂದರು. ನಾನು ತಡವರಿಸಿದೆ. "ನನ್ ಕೈಲಿ ಆಗಕಿಲ್ಲ ಇನ್ನ. ನೀನೇ ಗೆದ್ದೆ, ಓಗು." ಪೇಟೆಯಿಂದ ಚಿಗುರೆಲೆ ತರಿಸಿದೆ. ಹಲ್ಲಿಲ್ಲದ ಬಾಯಿ, ಹಾಗಾಗಿ ಅಡಿಕೆ ಕುಟ್ಟಿದೆ. ಹೊಗೆಸೊಪ್ಪು ಉಗುರಿನಷ್ಟೇ ಹಾಕಿದೆ. ಬಾಯಿಗಿಟ್ಟಾಗ ಅವರ ಮುಖ ನಿಧಾನವಾಗಿ ಸಡಿಲಾಯಿತು. ತುಟಿಯಂಚಿನಲ್ಲಿ ಇಳಿದ ಕೆಂಪನ್ನು ನನ್ನ ಸೆರಗಿನಿಂದ ಒರೆಸಿದೆ. ಅವರು ಏನನ್ನೂ ವರ್ಣಿಸಲಿಲ್ಲ. ಸುಮ್ಮನೆ ಸುಖಪಟ್ಟರು. ಸಾಯುತ್ತಿರುವವರನ್ನು ಕಂಡು ಅಸೂಯೆಪಡುವುದುಂಟೇ? ನಾನು ಪಟ್ಟೆ.

"ನೀನೂ ಒಂದಿನ ತಿಂದ್ಬುಡು ಮಗ," ಅಂದರು ಆಮೇಲೆ. "ನಾನು ಬೈಯಕಿಲ್ಲ. ಶಿವನಿಗೂ ಯೋಳ್ತೀನಿ." ಆ ವಾರವೇ ಹೋದರು.

ಹೀಗೆ ಪರ್ಮಿಷನ್ ನನ್ನ ಕೈಯಲ್ಲಿದೆ. ತಂಗಿ ಈಗಲೂ ಭಾನುವಾರ ಫೋನ್ ಮಾಡಿ, "ಬಾರಕ್ಕ, ನಾಟಿಕೋಳಿ ಕುಯ್ಸಿವ್ನಿ" ಅನ್ನುತ್ತಾಳೆ. ಒಂದು ಸಲ ಬಸ್‌ಸ್ಟ್ಯಾಂಡಿನವರೆಗೂ ಹೋಗಿ ವಾಪಸ್ ಬಂದೆ. ತಿನ್ನಬಾರದು ಅಂತಲ್ಲ. ತಿಂದರೆ ನನ್ನ ಮುಖ ಸಡಿಲಾಗುವುದನ್ನು ಅಲ್ಲಿ ಯಾರೂ ಗುರುತಿಸುವುದಿಲ್ಲ. ತಂಗಿಗೆ ಅದು ಇನ್ನೊಂದು ಭಾನುವಾರದ ಊಟ, ಅಷ್ಟೇ. ಸೋಲುವುದಕ್ಕೂ ಎದುರಿಗೆ ಒಬ್ಬರು ಬೇಕು. ನಮ್ಮ ಅತ್ತೆಗೆ ನಾನಿದ್ದೆ.