ಬದುವಿನ ಮೇಲೆ ನಿಂತು ಒಂದು ಕೂಗು

ಗೋಗಿ ಎಂಬ ಊರಿನ ಮನೆಯೊಂದರ ಪಡಸಾಲೆಯಲ್ಲಿ, ಕಿಟಕಿಯ ಮಗ್ಗುಲಿಗೆ ಒಂದು ಮೇಜು. ಮೇಜಿನ ಹಿಂದೆ ಹಗ್ಗದ ಮೇಲೆ ಇಳಿಬಿಟ್ಟ ಹಳೆಯ ಇಳಕಲ್ ಸೀರೆ. ಸೀರೆಯ ಈಚೆಗೆ ರೇಣಮ್ಮನ ಆಫೀಸು. ಆಚೆಗೆ ಒಲೆ, ತೊಟ್ಟಿಲು, ಅತ್ತೆ, ಕೋಳಿ, ಉಳಿದ ಲೋಕವೆಲ್ಲ. ಹೈದರಾಬಾದಿನ ಕಂಪನಿಯವರಿಗೆ ಕಂಪ್ಯೂಟರಿನಲ್ಲಿ ಕಾಣುತ್ತಿದ್ದದ್ದು ಸೀರೆಯ ಕೆಂಪು ಸೆರಗು ಮಾತ್ರ. ಗೋಡೆಗೆ ಚಂದಕ್ಕೆಂದು ಹಾಕಿದ ಬಟ್ಟೆ ಅದು ಎಂದೇ ಅವರು ತಿಳಿದಿದ್ದರು.

ರೇಣಮ್ಮ ಯಾದಗಿರಿಯ ಹುಡುಗಿ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದಿದಳು, ಹೈದರಾಬಾದಿನ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಹಿಡಿದಳು, ಮದುವೆಯಾಗಿ ಗೋಗಿಗೆ ಬಂದಳು. ಗಂಡ ಸಂಗಣ್ಣ ಶಹಾಪುರದ ಶಾಲೆಯಲ್ಲಿ ಮಾಸ್ತರ. ಕಂಪನಿ ಮಾಡುತ್ತಿದ್ದದ್ದು ಔಷಧಿ ಅಂಗಡಿಗಳ ಮಾಲಿನ ಲೆಕ್ಕ ಇಡುವ ಸಾಫ್ಟ್‌ವೇರ್. ಹೆರಿಗೆಯ ರಜೆ ಮುಗಿದು ಅವಳು ಮನೆಯಿಂದಲೇ ಕೆಲಸ ಮಾಡುತ್ತೇನೆಂದಾಗ ತಂಡದ ಹಿರಿಯ ಪಂಪಣ್ಣ ಗಡುವು ಹಾಕಿ ಒಪ್ಪಿದ್ದ. ರಾಯಚೂರಿನ ಮನುಷ್ಯ, ಆಫೀಸಿನಲ್ಲಿ ಇಂಗ್ಲಿಷ್ ಮಾತಾಡಿದರೂ ಮನಸ್ಸಿನ ಮಾತು ಬಂದಾಗ ಊರಿನ ಭಾಷೆಗೆ ಇಳಿಯುತ್ತಿದ್ದ.

"ದಸರಾ ತನಕ ಅಲ್ಲಿಂದ್ಲೇ ಮಾಡ್ರಿ, ನೋಡೋಣ. ಹೊಂದಿಕಿ ಆದ್ರ ಮುಂದುವರಸೋಣ. ಇಲ್ಲಾಂದ್ರ ಇಲ್ಲಿಗಿ ಬರಬೇಕಾಗ್ತದ."

ಅಲ್ಲಿಗೆ ಹೋಗುವುದೆಂದರೆ ಏನೆಂದು ರೇಣಮ್ಮನಿಗೆ ಗೊತ್ತಿತ್ತು. ಸಂಗಣ್ಣನ ನೌಕರಿ ಶಹಾಪುರದಲ್ಲಿ. ಕೂಸಿಗೆ ಇನ್ನೂ ಎದೆಹಾಲು. ಹೈದರಾಬಾದ್ ಅಂದರೆ ಒಂದೋ ಕೂಸನ್ನು ಬಿಡಬೇಕು, ಇಲ್ಲ ಕೆಲಸವನ್ನು ಬಿಡಬೇಕು. ಎರಡನ್ನೂ ಉಳಿಸಿಕೊಳ್ಳಲು ಅವಳಿಗಿದ್ದದ್ದು ಈ ಮೇಜು, ಈ ಸೀರೆ, ದಸರೆಯ ತನಕದ ಹೊತ್ತು.

ಹಾಗೆಂದು ಅವಳು ಮೈಗಳ್ಳಿಯಲ್ಲ. ಬೆಳಿಗ್ಗೆ ರೊಟ್ಟಿ ಬಡಿದು, ಕೂಸಿಗೆ ಎಣ್ಣೆ ತಿಕ್ಕಿ ಎರೆದು, ಅದು ಮಲಗಿದೊಡನೆ ಮೇಜಿಗೆ ಬಂದರೆ ಕೂತ ಜಾಗ ಕಾಯುವವರೆಗೂ ಏಳುತ್ತಿರಲಿಲ್ಲ. ಕೂಸು ಎದ್ದರೆ ತೊಡೆಯ ಮೇಲೆ ಹಾಕಿಕೊಂಡು ಒಂದೇ ಕೈಯಲ್ಲಿ ಟೈಪು ಮಾಡುವುದನ್ನೂ ಕಲಿತಿದ್ದಳು. ಹೊಸ ಹಲ್ಲು ಬರುತ್ತಿದ್ದ ಕೂಸಿಗೆ ಚಾರ್ಜರಿನ ವೈರೇ ಬೇಕು. ಅದನ್ನು ಕಿತ್ತುಕೊಂಡು ಗಜ್ಜರಿ ತುಂಡು ಕೊಡುವುದೂ ಆಫೀಸಿನ ಕೆಲಸದಲ್ಲೇ ಸೇರಿತ್ತು.

ಒಂದೇ ಒಂದು ಅವಳಿಂದ ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ತಂಡದವರೆಲ್ಲ ಕಂಪ್ಯೂಟರಿನಲ್ಲೇ ಸೇರಿ, ನಿನ್ನೆ ಏನು ಮಾಡಿದೆವು, ಇವತ್ತು ಏನು ಮಾಡುತ್ತೇವೆ ಎಂದು ಹೇಳಬೇಕು. ಉಳಿದವರು ಎಳೆ ಎಳೆಯಾಗಿ ಹೇಳುತ್ತಿದ್ದರು. ರೇಣಮ್ಮನ ಸರದಿ ಬಂದರೆ, "ನಂದು ನಡದದ್ರಿ ಸರ್," ಅಷ್ಟೇ. ತಾನು ಮಾಡಿದ್ದನ್ನು ತಾನೇ ಹೇಳಿಕೊಳ್ಳುವುದು ಅವಳಿಗೆ ಬಂದವರ ಮುಂದೆ ನನ್ನ ರೊಟ್ಟಿ ಎಷ್ಟು ತೆಳ್ಳಗದೆ ನೋಡಿರಿ ಎಂದು ಎತ್ತಿ ತೋರಿಸಿದಷ್ಟೇ ನಾಚಿಕೆಯ ಕೆಲಸ. ಸೀರೆಯ ಆಚೆಗೆ ಅತ್ತೆ ಬೇರೆ ಕೂತಿರುತ್ತಿದ್ದಳು.

ಮಳೆಗಾಲ ಶುರುವಾಗಿ ಕಾಲುವೆಗೆ ನೀರು ಬಿಟ್ಟ ಸುಮಾರಿಗೆ ತಂಡದ ಖಂಡಪ್ಪ ದಿಢೀರನೆ ಊರಿಗೆ ಹೋದ. ಗುರುಮಠಕಲ್ ಕಡೆಯ ಹುಡುಗ, ರೇಣಮ್ಮನಿಗಿಂತ ಕಿರಿಯ. ತಂದೆಯನ್ನು ದವಾಖಾನೆಗೆ ಹಾಕಿದ್ದರು. ಗಿರಾಕಿಗಳು ಹಿಂತಿರುಗಿಸುವ ಗುಳಿಗೆಗಳು ಮತ್ತೆ ಅಂಗಡಿಯ ಲೆಕ್ಕಕ್ಕೆ ಸೇರುವ ಭಾಗ ಅವನದು, ಅರ್ಧಕ್ಕೆ ನಿಂತಿತ್ತು. ರೇಣಮ್ಮನಿಗೆ ಪಾಪ ಎನಿಸಿತು. ಅಪ್ಪನ ಹಾಸಿಗೆಯ ಹತ್ತಿರ ಕೂತವನಿಗೆ ಇದರ ಫಿಕರ್ ಯಾಕಿರಬೇಕು? ಕೂಸು ಮಲಗಿದಾಗಲೆಲ್ಲ ಕೂತು ಅವನ ಕೆಲಸವನ್ನೂ ಮುಗಿಸಿದಳು. ತಿರುಗಾ ಮುರುಗಾ ಪರೀಕ್ಷೆ ಮಾಡಿ ಸೇರಿಸಿಬಿಟ್ಟಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಉಪಕಾರ ಮಾಡಿದಂತೆ ಆಗುತ್ತದಲ್ಲ. ಅವಳ ಮಟ್ಟಿಗೆ ಅದು ಮುಯ್ಯಿ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಯ ಮಾತೇ ಇಲ್ಲದ ಆಳು.

ಖಂಡಪ್ಪ ಮರಳಿ ಬಂದ. ಗಡಿಬಿಡಿಯಲ್ಲಿ ತನ್ನ ಲ್ಯಾಪ್‌ಟಾಪಿನಲ್ಲಿ ಅರ್ಧಕ್ಕೆ ಬಿಟ್ಟಿದ್ದನ್ನೇ ಮುಗಿಸಿ ಅವನೂ ಸೇರಿಸಿದ. ಎರಡೂ ಬೇರೆ ಬೇರೆ ಜಾಗದಲ್ಲಿ ಇದ್ದುದರಿಂದ ಒಂದಕ್ಕೊಂದು ಡಿಕ್ಕಿ ಹೊಡೆಯಲಿಲ್ಲ, ಸುಮ್ಮನೆ ಅಕ್ಕಪಕ್ಕ ಕೂತವು. ದೊಡ್ಡ ಔಷಧಿ ವ್ಯಾಪಾರಿಯೊಬ್ಬರಿಗೆ ತೋರಿಸುವ ದಿನ ಪಂಪಣ್ಣ ನಗುನಗುತ್ತಾ ಒಂದು ಗುಳಿಗೆ ಪಟ್ಟಿಯನ್ನು ವಾಪಸು ಮಾಡಿ ತೋರಿಸಿದ. ಲೆಕ್ಕಕ್ಕೆ ಎರಡು ಬಂದವು. ಇನ್ನೊಂದು ವಾಪಸು ಮಾಡಿದ. ಮತ್ತೆ ಎರಡು. ವ್ಯಾಪಾರಿ ಕನ್ನಡಕ ತೆಗೆದು ಒರೆಸಿ, "ಇದು ನನ್ನನ್ನು ಜಲ್ದಿ ಶ್ರೀಮಂತ ಮಾಡುತ್ತದೆ," ಎಂದು ಎದ್ದುಹೋದರು.

ಯಾರು ಏನು ಸೇರಿಸಿದರು ಎಂಬುದು ಕಂಪ್ಯೂಟರಿನಲ್ಲಿ ಉಳಿದೇ ಇರುತ್ತದೆ. ಸಂಜೆಗೆ ಪಂಪಣ್ಣನ ಫೋನು ಬಂತು.

"ಖಂಡಪ್ಪನ ಕೆಲಸದಾಗ ನೀವ್ಯಾಕ ಕೈ ಹಾಕಿದ್ರಿ?"

"ಸರ್, ಅಂವ ಊರಿಗಿ ಹೋಗಿದ್ದ..."

"ಹೋಗಿದ್ದಕ್ಕ? ನನಗ ಹೇಳಿದ್ರೇನು? ಅವನಿಗಿ ಹೇಳಿದ್ರೇನು? ದಿನಾ ಮುಂಜಾನಿ ಕೇಳ್ತೀನಿ, ನಡದದ್ರಿ, ನಡದದ್ರಿ ಅಂತೀರಿ. ಏನ್ ನಡದದ ಅಂತ ನನಗ ಹ್ಯಾಂಗ ಗೊತ್ತಾಗಬೇಕು ರೇಣು? ನೀವು ಅಲ್ಲಿ, ನಾ ಇಲ್ಲಿ. ಇದಕ್ಕ ನಾ ಅಂದಿದ್ದು. ದಸರಾ ಆದ ಮ್ಯಾಲ ಇಲ್ಲಿಗಿ ಬರೋ ತಯಾರಿ ಇಟ್ಕೊಳ್ರಿ."

ರೇಣಮ್ಮ ಫೋನು ಇಟ್ಟು ಸೀರೆಯ ಸೆರಗಿನ ಕಡೆ ಮುಖ ಮಾಡಿ ಅಳುತ್ತ ಕೂತಳು. ಅತ್ತೆ ಗೊಲ್ಲಾಳಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೀರೆ ಸರಿಸಿ ಕೂಸನ್ನು ಸೊಸೆಯ ಮಡಿಲಿಗೆ ಹಾಕಿದಳು.

"ಆ ಪಂಪಣ್ಣನ ನಂಬರ್ ಕೊಡಿಲ್ಲಿ, ನಾ ಮಾತಾಡ್ತೀನಿ. ಬಾಣಂತಿ ಮೈ ಹಸಿ ಆರಿಲ್ಲ, ಬೈತಾನಂತ!"

"ಬ್ಯಾಡ ಅತ್ತಿ, ನಿಮಗ ಕೈ ಮುಗಿತೀನಿ." ಅಳುತ್ತಿದ್ದವಳಿಗೆ ನಗುವೂ ಬಂತು.

ಸಂಗಣ್ಣ ಊಟಕ್ಕೆ ಕೂತಾಗ ವಿಷಯ ಕೇಳಿದ. "ಬಿಡೂದಾದ್ರ ಬಿಡು. ಆದ್ರ ಬಿಡಬೇಕಂತ ನಿನಗ ಅನಸಿದ್ರ ಬಿಡು, ಹೆದರಿ ಬ್ಯಾಡ," ಎಂದ. ಅವಳಿಗೆ ಬಿಡಬೇಕೆಂದು ಅನಿಸಿರಲಿಲ್ಲ. ಆ ಮೇಜಿನ ಮುಂದೆ ಕೂತಾಗ ಅವಳು ಯಾರ ಸೊಸೆಯೂ ಅಲ್ಲ, ಯಾರ ತಾಯಿಯೂ ಅಲ್ಲ. ಬಿಡಿಸಬೇಕಾದ ಒಂದು ಗಂಟು ಮತ್ತು ಅವಳು. ಅದು ಅವಳಿಗೆ ಬೇಕಾಗಿತ್ತು.

ಮರುದಿನ ರವಿವಾರ. ಗೊಲ್ಲಾಳಮ್ಮನ ಗದ್ದೆಗೆ ಮುಯ್ಯಿ ಆಳು ಬರುವ ದಿನ. ಅತ್ತೆಯ ಮದುವೆಯಾದ ಹೊಸತರಲ್ಲಿ ಅದು ಜೋಳದ ಹೊಲ. ಕಾಲುವೆ ಬಂದ ಮೇಲೆ ಭತ್ತದ ಗದ್ದೆ. ರೇಣಮ್ಮ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬುಟ್ಟಿಗೆ ತುಂಬಿ, ಗಂಡನ ಹೆಗಲಿಗೆ ಕೂಸನ್ನು ಹಾಕಿ ಬುತ್ತಿ ತೆಗೆದುಕೊಂಡು ಹೋದಳು. ಬೇವಿನ ಮರಕ್ಕೆ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿದ ಸಂಗಣ್ಣ ಸಸಿಯ ಕಟ್ಟು ಹೊರಲು ಇಳಿದ.

"ಕಂಪ್ಯೂಟರ್ ಸೊಸಿ ಬಂದ್ಲು ನೋಡ್ರೆ! ಯವ್ವಾ, ಕಾಲಿಗಿ ಕೆಸರು ಹತ್ತೀತು, ಮ್ಯಾಲೇ ನಿಂದರು," ಎಂದಳು ನಾಟಿ ಹಚ್ಚುತ್ತಿದ್ದವರಲ್ಲಿ ಒಬ್ಬಳು.

"ಆಕಿ ಅಲ್ಲಿಂದ್ಲೇ ಬಟನ್ ಒತ್ತಿ ನಾಟಿ ಹಚ್ತಾಳ ಬಿಡೆ," ಎಂದಳು ಇನ್ನೊಬ್ಬಳು. ಗದ್ದೆ ತುಂಬ ನಗು.

ಅಷ್ಟರಲ್ಲಿ ಪಕ್ಕದ ಗದ್ದೆಯ ಲಾಲಮ್ಮ ತಡವಾಗಿ ಬಂದಳು. ಎಲ್ಲರೂ ಅವಳನ್ನು ನೋಡಿದ್ದರು. ಆದರೂ ನೀರಿಗೆ ಇಳಿಯದೆ ಬದುವಿನ ಮೇಲೆ ನಿಂತು ಗಂಟಲು ಬಿಚ್ಚಿ ಕೂಗಿದಳು: "ಏ ಗೊಲ್ಲಾಳಮ್ಮಾ! ಲಾಲಿ ಬಂದೀನಿ! ಮೂಡಲ ಮೂಲಿಗಿ ಇಳಿತೀನಿ!"

ಗೊಲ್ಲಾಳಮ್ಮ ಬಗ್ಗಿದ ಬೆನ್ನು ಎತ್ತದೆಯೇ ಕೂಗಿದಳು: "ಇಳಿಯವ್ವಾ, ಇಳಿ!"

ಆಮೇಲೆಯೇ ಲಾಲಮ್ಮ ಸೀರೆ ಕಚ್ಚೆ ಕಟ್ಟಿ ಕೆಸರಿಗೆ ಕಾಲಿಟ್ಟಳು. ರೇಣಮ್ಮ ಇದನ್ನು ಮುಂಚೆಯೂ ಕೇಳಿದ್ದಳು, ಹೊಲದ ಗದ್ದಲವೆಂದು ಬಿಟ್ಟಿದ್ದಳು. ಉಣ್ಣಲು ಎಲ್ಲರೂ ಬೇವಿನ ನೆರಳಿಗೆ ಬಂದಾಗ ಕೇಳಿದಳು.

"ಚಿಗವ್ವ, ಎಲ್ಲಾರೂ ನೋಡ್ಯಾರಲ್ಲ. ಮತ್ತ್ಯಾಕ ಕೂಗ್ತೀರಿ?"

ಲಾಲಮ್ಮ ರೊಟ್ಟಿಗೆ ಹಿಂಡಿ ಒತ್ತಿಕೊಳ್ಳುತ್ತ ಗೊಲ್ಲಾಳಮ್ಮನ ಕಡೆ ಕಣ್ಣು ಹೊಡೆದಳು. "ನಿಮ್ಮತ್ತಿನ್ನ ಕೇಳು. ನನಗ ಕಳ್ಳಿ ಅಂದಾಕಿ ಆಕಿ."

"ಅಂದಿದ್ದೆ ನೋಡು, ಇಲ್ಲಂತೇನು!" ಎಂದಳು ಗೊಲ್ಲಾಳಮ್ಮ.

ಕಾಲುವೆ ನೀರು ಈ ತೂಬಿಗೆ ಮೊದಲ ಸಲ ಬಂದ ವರ್ಷದ ಮಾತು. ಭತ್ತವೆಂದರೆ ಏನೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊಲ್ಲಾಳಮ್ಮನಿಗೆ ಜ್ವರ. ಪಾಪ, ಆಕೆಯ ಗದ್ದೆ ಒಣಗುತ್ತದೆಂದು ಲಾಲಮ್ಮ ಹೋಗಿ ಕೆಳಗಿನ ಮಡೆ ಬಿಚ್ಚಿ, ನೀರು ಹಾಯಿಸಿ, ಯಾರಿಗೂ ಹೇಳದೆ ಮನೆಗೆ ಬಂದಳು. ಅತ್ತ ಗೊಲ್ಲಾಳಮ್ಮನ ಗಂಡ ಮೇಲಿನ ಮಡೆ ಬಿಚ್ಚಿ ಅವನೂ ಮನೆಗೆ ಹೋದ. ಎರಡೂ ಕಡೆಯ ನೀರು ಸೇರಿ ಬದು ಒಡೆಯಿತು. ಆಗಷ್ಟೇ ಹಚ್ಚಿದ ಸಸಿಯೆಲ್ಲ ತೇಲಿಕೊಂಡು ಹೋಗಿ ಲಾಲಮ್ಮನ ಗದ್ದೆಯಲ್ಲಿ ನಿಂತವು.

"ಜ್ವರದಾಗ ಎದ್ದು ಬಂದು ನೋಡಿದ್ರ ನನ್ನ ಸಸಿ ಈಕಿ ಗದ್ದ್ಯಾಗ! ಕದ್ದಾಳ ಅಂತ ಅನ್ನಂಗಿಲ್ಲೇನು ಮತ್ತ?"

"ಪಾಪ ಅಂತ ಹೋದಾಕಿ ನಾನು. ಎರಡು ಸುಗ್ಗಿ ಮಾತು ಬಿಟ್ಟಿದ್ಲು ಯವ್ವಾ," ಎಂದು ಲಾಲಮ್ಮ ನಕ್ಕಳು. "ಅಂದಿಂದ ಹಿಡಿದು ಕೂಗೇ ಇಳಿಯೋದು. ಯಾವ ಮೂಲಿಗಿ ಇಳದೀನಿ, ಎಲ್ಲಿ ಮುಗಿಸೀನಿ, ಕೂಗೇ ಹೇಳೋದು. ದೊಡ್ಡಸ್ತಿಕಿ ಅಲ್ಲವ್ವ ಅದು. ನಾ ಇಲ್ಲಿದ್ದೀನಿ, ನೀ ಅಲ್ಲಿ ಇಳಿ ಅಂತ. ಅಷ್ಟ."

ಮಾತು ಬೇರೆ ಕಡೆ ಹೊರಳಿತು. ಯಾರದೋ ಬಸುರಿ ಮಗಳ ಕುಬಸ, ಗೊಬ್ಬರದ ಸರದಿ. ರೇಣಮ್ಮನ ಕೈಯಲ್ಲಿ ರೊಟ್ಟಿ ಹಾಗೇ ಇತ್ತು. ಮುಯ್ಯಿ ಮಾಡಿದೆನೆಂದು ಅಂದುಕೊಂಡಿದ್ದಳು. ಆದರೆ ಮುಯ್ಯಿಯ ಅರ್ಧವನ್ನೇ ಮಾಡಿದ್ದಳು. ಗದ್ದೆಗೆ ಇಳಿದಿದ್ದಳು, ಕೂಗಿರಲಿಲ್ಲ.

ಜೋಳಿಗೆ ತೂಗುತ್ತಲೇ ಖಂಡಪ್ಪನಿಗೆ ಫೋನು ಹಚ್ಚಿದಳು. ಅವನ ದನಿ ತಣ್ಣಗಿತ್ತು.

"ಹೇಳ್ರಿ."

"ಅಪ್ಪ ಹ್ಯಾಂಗದಾರ ಖಂಡಪ್ಪ?"

"ಆರಾಮ ಅದಾರ್ರಿ." ಆಮೇಲೆ ತಾನೇ ಕೇಳಿದ, "ಒಂದು ಮಾತು ಕೇಳ್ಲೇನಕ್ಕ? ನನ್ನ ಕೈಲೆ ಆಗಂಗಿಲ್ಲಂತ ತಿಳಕೊಂಡು ಮಾಡಿದ್ರೇನು? ಎಲ್ಲಾರೂ ಹಂಗೇ ಅನ್ನಾಕತ್ತಾರ."

ರೇಣಮ್ಮನಿಗೆ ಇದು ಹೊಳೆದಿರಲೇ ಇಲ್ಲ. ಪಂಪಣ್ಣನ ಸಿಟ್ಟು ಅವಳಿಗೆ ತಟ್ಟಿತ್ತು; ಈ ಹುಡುಗನ ಮುಖಭಂಗ ಕಂಡಿರಲಿಲ್ಲ.

"ಇಲ್ಲಪ್ಪಾ, ನಿನ್ನಾಣಿ! ನೀ ದವಾಖಾನಿಯಾಗ ಇದ್ದಿ. ಮುಯ್ಯಿ ಅಂತ ಮಾಡ್ದೆ. ಹೇಳಬೇಕಾಗಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು."

ಅತ್ತ ಕಡೆಯಿಂದ ಒಂದು ಸಣ್ಣ ನಗು. "ಮುಯ್ಯೇನು? ನಮ್ಮವ್ವನೂ ಹೋಗ್ತಾಳಕ್ಕ. ಆಫೀಸಿನ್ಯಾಗ ಮುಯ್ಯಿ ಮಾಡಿದಾಕಿ ನಿನ್ನನ್ನೇ ನೋಡಿದ್ದು ನೋಡು!" ಜೋಳಿಗೆಯೊಳಗಿನ ಕೂಸು ಎದ್ದು ಕೂಗು ಹಾಕಿತು. ಯಾರದನ್ನು ಇಡುವುದು, ಯಾರದನ್ನು ತೆಗೆಯುವುದು ಎಂದು ಇಬ್ಬರೂ ಆ ಗದ್ದಲದಲ್ಲೇ ಮಾತಾಡಿ ಮುಗಿಸಿದರು. ಖಂಡಪ್ಪನದೇ ಚೊಕ್ಕವಾಗಿತ್ತು, ರೇಣಮ್ಮ ಸಂಜೆ ಮನೆಗೆ ಹೋಗಿ ತನ್ನದನ್ನು ತೆಗೆದಳು.

ಸೋಮವಾರ ಬೆಳಿಗ್ಗೆ ಸರದಿ ಬಂದಾಗ ರೇಣಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಸೀರೆಯ ಆಚೆ ಗೊಲ್ಲಾಳಮ್ಮ ಬೇಕೆಂದೇ ಪಾತ್ರೆ ಸದ್ದು ನಿಲ್ಲಿಸಿದ್ದಳು.

"ಸರ್, ಖಂಡಪ್ಪಂದು ಉಳಿಸಿ ನಂದು ತಗದೀವಿ. ಒಂದು ವಾಪಸ್ ಮಾಡಿದ್ರ ಒಂದೇ ಬರ್ತದ, ಇಬ್ರೂ ನೋಡೀವಿ. ಇವತ್ತು ನಾ ತಾರೀಖು ಮುಗಿದ ಗುಳಿಗಿ ಬ್ಯಾರೆ ತೋರಿಸೋ ಕೆಲಸಕ್ಕ ಇಳಿತೀನಿ. ಅಲ್ಲಿ ಒಂದು ಕಡಿ ಸಿಕ್ಕೊಂಡೀನಿ, ಯಾರಿಗಾರ ಗೊತ್ತಿದ್ರ ಹೇಳ್ರಿ." ಅಲ್ಲಿಗೇ ನಿಲ್ಲಿಸಲಿಲ್ಲ. "ಇನ್ನೊಂದು ಮಾತು ಸರ್. ನಾ ಇಲ್ಲಿಂದ್ಲೇ ಕೆಲಸ ಮಾಡಬೇಕಂತೀನಿ. ತಾರೀಖಿನ ಭಾಗ ಪೂರಾ ನನಗ ಬಿಡ್ರಿ. ದಿನಾ ಏನ್ ಮಾಡೀನಿ ಅಂತ ನಾನೇ ಹೇಳ್ತೀನಿ, ನೀವು ಕೇಳೂದು ಬ್ಯಾಡ."

ಇಷ್ಟು ವರ್ಷದಲ್ಲಿ ಅವಳು ಆ ಸಭೆಯಲ್ಲಿ ಆಡಿದ ಅತಿ ಉದ್ದದ ಮಾತು ಅದು. ಪಂಪಣ್ಣ ಕರಗಲಿಲ್ಲ.

"ದಸರಾ ತನಕ ಅಂದಿದ್ದೆ. ದಸರಾ ತನಕ ನೋಡ್ತೀನಿ."

ಅವನು ನೋಡಿದ. ರೇಣಮ್ಮ ದಿನಾ ಹೇಳಿದಳು. ಮೊದಮೊದಲು ಕಿವಿ ಕೆಂಪಗಾಗುತ್ತಿತ್ತು, ಆಮೇಲೆ ರೂಢಿಯಾಯಿತು. ಕೂಸಿಗೆ ಜ್ವರ ಬಂದ ದಿನ ಮೊದಲಿನಂತೆ ಮುಚ್ಚಿಟ್ಟು ಒದ್ದಾಡದೆ, "ಇವತ್ತು ಅರ್ಧಾ ದಿನ ಆಗಂಗಿಲ್ರಿ, ಖಂಡಪ್ಪಗ ಒಪ್ಪಿಸೀನಿ," ಎಂದಳು. ಖಂಡಪ್ಪ, "ಇಳಿತೀನಕ್ಕ, ಇಳಿತೀನಿ!" ಎಂದು ಕೂಗಿದ. ಬದುವಿನ ಕೂಗಿನ ಕಥೆಯನ್ನು ರೇಣಮ್ಮ ಅವನಿಗೆ ಹೇಳಿದ್ದಳು, ಮಿಕ್ಕವರಿಗೆ ಅರ್ಥವಾಗಲಿಲ್ಲ. ಒಂದು ಸಲ ಅವಳ ಭಾಗದಲ್ಲೇ ದೊಡ್ಡ ದೋಷ ಸಿಕ್ಕಿತು. ಪಂಪಣ್ಣನಿಗೆ ಅದು ಗೊತ್ತಾದದ್ದು ಅವಳ ಬಾಯಿಂದಲೇ, ಗಿರಾಕಿಯಿಂದಲ್ಲ.

ದಸರೆಯ ಬನ್ನಿ ಕೊಡುವ ದಿನ, ಮನೆಯವರೆಲ್ಲ ಹಿರಿಯರ ಕಾಲಿಗೆ ಬೀಳುತ್ತ ಓಣಿಯಲ್ಲಿ ತಿರುಗುತ್ತಿದ್ದಾಗ, ಪಂಪಣ್ಣನ ಫೋನು.

"ಬಂಗಾರದಂಗ ಇರ್ರಿ ರೇಣು. ತಿಂಗಳಿಗಿ ಒಂದ್ಸಲ ಇಲ್ಲಿಗಿ ಬಂದು ಹೋಗಬೇಕು. ಉಳಿದದ್ದು ಅಲ್ಲಿಂದ್ಲೇ ಮಾಡ್ರಿ. ಮತ್ತ ಸುರಪುರದ ಕಡಿಯಾಕಿ ಒಬ್ಬಾಕಿ ಹೊಸಾಕಿ ಸೇರ್ಯಾಳ, ಆಕಿನೂ ಮನಿಯಿಂದ್ಲೇ ಅಂತ. ನೀವೇ ತಿದ್ದಬೇಕು."

ರೇಣಮ್ಮ ಕೈಯಲ್ಲಿದ್ದ ಬನ್ನಿ ಎಲೆಗಳನ್ನು ಕೂಸಿನ ಮುಷ್ಟಿಗೆ ಇಟ್ಟಳು. ಅದು ನೇರ ಬಾಯಿಗೆ ಹಾಕಿಕೊಂಡಿತು.

ಹೊಸಬಳು ಸುರಪುರದ ರಂಗಂಪೇಟೆಯ ಸಾಯಬಮ್ಮ. ಮೊದಲ ದಿನ ಕಂಪ್ಯೂಟರಿನಲ್ಲಿ ಕಂಡದ್ದು ಅರ್ಧ ಮುಖ, ಹಿಂದೆ ಹೂವಿನ ಚಾದರ. ಅದೂ ಹಗ್ಗಕ್ಕೆ ಹಾಕಿದ್ದೇ ಎಂದು ರೇಣಮ್ಮನಿಗೆ ಒಂದೇ ನೋಟಕ್ಕೆ ಗೊತ್ತಾಯಿತು.

"ಹ್ಯಾಂಗ ನಡದದ ಸಾಯಬಮ್ಮ?"

"ನಡದದ್ರಿ ಅಕ್ಕ," ಎಂದಳು ಹುಡುಗಿ, ಕೇಳಿಸಿಯೂ ಕೇಳಿಸದಂತೆ.

ರೇಣಮ್ಮ ನಕ್ಕಳು. "ಹಂಗಲ್ಲವ್ವಾ. ಗಂಟಲು ಬಿಚ್ಚು. ಯಾವ ಮೂಲಿಗಿ ಇಳದಿ, ಅದನ್ನ ಹೇಳು."